ಹ್ಯಾಲೋವೀನ್ ಹಬ್ಬದ ರಾತ್ರಿ ವೇಷ ಹಾಕಿದ ಮಕ್ಕಳನ್ನು ಮಿಠಾಯಿ ಕೇಳಲು ಮನೆಮನೆಗೆ ಕಳಿಸೋಕೆ ಅಮೆರಿಕದ ಅಪ್ಪ-ಅಮ್ಮ ಯಾಕೆ ಹಿಂದೆ ಮುಂದೆ ನೋಡುತ್ತಾರೆ?

ಗುರುತಿಲ್ಲದವರು ಕೊಡುವ ಮಿಠಾಯಿಯಲ್ಲಿ ವಿಷವೋ ಬ್ಲೇಡೋ ಇದ್ದರೆ ಅನ್ನೋ ಭಯ. ವರ್ಷವಿಡೀ 'ಯಾರೋ ಕೊಟ್ಟದ್ದು ತಿನ್ನಬೇಡ' ಅಂತ ಹೇಳಿ, ಅಕ್ಟೋಬರ್ 31ರಂದು ಅವರದೇ ಬಾಗಿಲು ತಟ್ಟಲು ಕಳಿಸಬೇಕಲ್ಲ! ಈ ಭಯ ಗಟ್ಟಿಯಾಗಿದ್ದು 1974ರಲ್ಲಿ. ಟೆಕ್ಸಾಸ್‌ನಲ್ಲಿ 8 ವರ್ಷದ ಹುಡುಗನೊಬ್ಬ ಸೈನೈಡ್ ಬೆರೆಸಿದ ಮಿಠಾಯಿ ಪುಡಿ ತಿಂದು ಸತ್ತ. ವಿಷ ಬೆರೆಸಿದವನು ಸ್ವಂತ ಅಪ್ಪ, ವಿಮೆ ಹಣದ ಆಸೆಗೆ. ಜನರ ತಲೆಯಲ್ಲಿ ಉಳಿದದ್ದು ಮಾತ್ರ ಸುದ್ದಿಯ ಮೊದಲರ್ಧ. 1958ರಿಂದೀಚಿನ ವರದಿಗಳನ್ನು ಜಾಲಾಡಿದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರಿಗೆ, ಅಪರಿಚಿತರ ಮಿಠಾಯಿಯಿಂದ ಮಗು ಸತ್ತ ಒಂದು ಪ್ರಕರಣವೂ ಸಿಗಲಿಲ್ಲ.

ನನ್ನ ಕೇಳಿದರೆ, ಜಾಸ್ತಿ ಹೆದರಬೇಕಾದ್ದು ರಸ್ತೆಗೆ. ಕತ್ತಲು, ಕಪ್ಪು ವೇಷ, ಕಣ್ಣಿಗೆ ಅಡ್ಡ ಬರುವ ಮುಖವಾಡ. ಬೇರೆ ಸಂಜೆಗಳಿಗಿಂತ ಆ ಸಂಜೆ ವಾಹನ ಬಡಿದು ಸಾಯುವ ಪಾದಚಾರಿಗಳು ಹೆಚ್ಚು. ಕೈಗೊಂದು ಟಾರ್ಚ್ ಕೊಡಿ, ಮುಖವಾಡದ ಬದಲು ಮುಖಕ್ಕೆ ಬಣ್ಣ ಬಳಿದರೆ ಸಾಕು.