ಮಾತ್ರೆ ಶುರುವಾದ ಮೇಲೆ ಊಟ ಬಿಟ್ಟರೆ

ಎಡಿಎಚ್‌ಡಿಗೆ (ಗಮನ ನಿಲ್ಲದಿರುವ, ಚಡಪಡಿಸುವ ತೊಂದರೆ) ಮೀಥೈಲ್‌ಫೆನಿಡೇಟ್ ಮಾತ್ರೆ ಶುರುಮಾಡಿ ವಾರವಾಯಿತು, ಮಗ ಮಧ್ಯಾಹ್ನದ ಊಟ ಮುಟ್ಟುತ್ತಿಲ್ಲ, ನಿಲ್ಲಿಸಿಬಿಡಲೇ ಅಂತ ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ, ಮೊದಲು ಡಾಕ್ಟರಿಗೆ ಹೇಳಿ. ಈ ಔಷಧಿಯಿಂದ ಹಸಿವು ಕಡಿಮೆಯಾಗುವುದು ತುಂಬಾ ಮಾಮೂಲಿ.

ನನ್ನ ಮಗಳ ಊಟದ ಡಬ್ಬಿಯೂ ಮುಚ್ಚಳ ತೆಗೆಯದೆ ವಾಪಸ್ ಬರುತ್ತಿತ್ತು. ಸುಮ್ನೆ ಹಟ ಅಂದುಕೊಂಡು ಬೈದಿದ್ದೆ, ಪಾಪ. ಆಮೇಲೆ ಡಾಕ್ಟರ್ ಹೇಳಿದಂತೆ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ ಮಾತ್ರೆ ಕೊಡತೊಡಗಿದೆವು. ಸಂಜೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಅವಳೇ ಅಡುಗೆಮನೆಯಲ್ಲಿ ಡಬ್ಬಗಳನ್ನು ತಡಕುತ್ತಿದ್ದಳು. ಆಗಲೇ ಸರಿಯಾಗಿ ಬಡಿಸಿ. ಅದೇ ಹೊತ್ತಲ್ಲಿ ಅಳು, ಸಿಡುಕು ಕೂಡ ಜಾಸ್ತಿ ಇರಬಹುದು. ಹೋಮ್‌ವರ್ಕ್ ಆಗ ಬೇಡ.

ತೂಕ, ಎತ್ತರ, ನಿದ್ದೆ ಬರೆದಿಡಿ. ಮಗು ಮಂಕಾಗಿ ಕೂತರೆ ಅದನ್ನೂ ಹೇಳಿ, ಡೋಸ್ ಹೆಚ್ಚಾಗಿರಬಹುದು. ನಮ್ಮದನ್ನು ಎರಡು ಸಲ ಬದಲಿಸಿದರು.