ಹವಾಮಾನ ರೇಡಾರ್‌ನ ಕಚ್ಚಾ ಐಕ್ಯೂ ಡೇಟಾ (ರೇಡಾರ್ ಬಿಡುವ ಪ್ರತಿ ಪಲ್ಸ್, ಅಂದ್ರೆ ಅಲೆಯ ತುಣುಕಿನ, ಪ್ರತಿಧ್ವನಿಯನ್ನು ಐ, ಕ್ಯೂ ಎಂಬ ಎರಡು ಸಂಖ್ಯೆಗಳಲ್ಲಿ ಬರೆದದ್ದು) ಇಡೋಕೆ ಯಾವ ಫಾರ್ಮ್ಯಾಟ್ ಒಳ್ಳೇದು? ಜಾಗ ಉಳಿಸಲು ಪಲ್ಸ್ ಹೆಡರ್ ತೆಗೆದರೆ ಆಗುತ್ತಾ?

ಅಯ್ಯೋ, ತೆಗೀಬೇಡಿ. ನಾನು ತೆಗೆದಿದ್ದೆ.

ನಮ್ಮ ರಿಸೀವರ್ ಬರೆಯುತ್ತಿದ್ದ ಫೈಲ್ ನೋಡೋಕೆ ಕೊಳಕಾಗಿತ್ತು. ಮೊದಲು ಒಂದಷ್ಟು ಪಠ್ಯ: ತರಂಗಾಂತರ, ನಾಯ್ಸ್ ಮಟ್ಟ, ಸ್ಯಾಚುರೇಶನ್ (ರಿಸೀವರ್ ತಡೆಯುವ ಗರಿಷ್ಠ ಸಿಗ್ನಲ್) ಎಷ್ಟು ಡಿಬಿಎಂ, ಅಂದ್ರೆ ಶಕ್ತಿಯ ಅಳತೆಯಲ್ಲಿ ಎಷ್ಟು ಅನ್ನೋದು. ಆಮೇಲೆ ಪ್ರತಿ ಪಲ್ಸ್‌ಗೂ ಒಂದು ಪುಟ್ಟ ಹೆಡರ್, ಅದರ ಬೆನ್ನಿಗೆ ಬೈನರಿ ಐ, ಕ್ಯೂ ಜೋಡಿಗಳು. ಹೆಡರ್‌ನಲ್ಲಿ ಸಮಯ, ಕ್ರಮಸಂಖ್ಯೆ, ಹಿಂದಿನ ಪಲ್ಸ್‌ನಿಂದ ಎಷ್ಟು ಅಂತರ, ಆಂಟೆನಾ ಯಾವ ಕೋನದಲ್ಲಿತ್ತು ಅನ್ನೋದು. ಕೋನವೂ ಡಿಗ್ರಿಯಲ್ಲಿಲ್ಲ, 16384 ಅಂದ್ರೆ 90 ಡಿಗ್ರಿ. ಇದೆಲ್ಲ ಕಸ ಅಂದುಕೊಂಡೆ. ಐಕ್ಯೂ ಮಾತ್ರ ಎತ್ತಿ ಚೆಂದದ ಅರೇ (ಸಂಖ್ಯೆಗಳ ಕೋಷ್ಟಕ) ಮಾಡಿದೆ, ಪಲ್ಸ್‌ಗೊಂದು ಸಾಲು, ಒಂದು ಡಿಗ್ರಿಗೆ ಒಂದು ಕೋನ ಸಾಕು ಅಂದೆ. ಮೂಲ ಫೈಲ್‌ಗಳನ್ನು ಅಳಿಸಿದೆ.

ನಮ್ಮದು ಸಿ ಬ್ಯಾಂಡ್ ರೇಡಾರ್, ತರಂಗಾಂತರ 5.3 ಸೆಂ.ಮೀ. ಪಲ್ಸ್‌ಗಳ ನಡುವೆ ಒಮ್ಮೆ 1 ಮಿಲಿಸೆಕೆಂಡ್, ಒಮ್ಮೆ 1.5, ಹೀಗೆ ಅದಲು ಬದಲು ಅಂತರ. 1 ಮಿಲಿಸೆಕೆಂಡ್ ಒಂದರಿಂದಲೇ ಅಳೆದರೆ ಸೆಕೆಂಡಿಗೆ 13 ಮೀಟರ್ ದಾಟಿದ ಗಾಳಿ ಮಡಚಿಕೊಳ್ಳುತ್ತೆ, ಅಂದ್ರೆ ತಪ್ಪು ವೇಗವಾಗಿ ಕಾಣುತ್ತೆ. ಎರಡೂ ಅಂತರಗಳಲ್ಲಿ ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನೋದು) ಎಷ್ಟು ಬದಲಾಯಿತು ಅಂತ ಹಿಡಿದು ಒಂದರಲ್ಲಿ ಇನ್ನೊಂದು ಕಳೆದರೆ ಮಿತಿ 26.5ಕ್ಕೆ ಏರುತ್ತೆ. ಆದರೆ ಯಾವುದು ಚಿಕ್ಕದು, ಯಾವುದು ದೊಡ್ಡದು ಅಂತ ಗೊತ್ತಿರಬೇಕು. ನಾನು ಸುಮ್ನೆ ಸಮ ಸಾಲು ಚಿಕ್ಕದು, ಬೆಸ ಸಾಲು ದೊಡ್ಡದು ಅಂತ ಹಿಡಿದೆ.

ಒಂದು ಸ್ಕ್ಯಾನ್‌ನಲ್ಲಿ ಅರ್ಧ ವೃತ್ತ ಸರಿ, ಉಳಿದರ್ಧ ಉಲ್ಟಾ. ರೇಡಾರ್ ಕಡೆಗೆ ಬರುವ ಗಾಳಿ ದೂರ ಹೋಗುತ್ತಿದೆ! ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ಎರಡು ವಾರ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಅದೃಷ್ಟಕ್ಕೆ ಆ ಸ್ಕ್ಯಾನ್‌ನ ಮೂಲ ಫೈಲ್ ಬೇರೆ ಡಿಸ್ಕ್‌ನಲ್ಲಿ ಉಳಿದಿತ್ತು. ತೆರೆದರೆ ಕ್ರಮಸಂಖ್ಯೆ 40211, ಅದಾದ ಮೇಲೆ ನೇರ 40213. ರೆಕಾರ್ಡ್ ಮಾಡುವ ಕಂಪ್ಯೂಟರ್ ಒಂದೇ ಒಂದು ಪಲ್ಸ್ ಕೈಬಿಟ್ಟಿತ್ತು. ಅಲ್ಲಿಂದ ಮುಂದೆ ಸಮ ಬೆಸ ಆಯಿತು, ಬೆಸ ಸಮ ಆಯಿತು. ಕಳೆಯುವುದು ತಿರುಗುಮುರುಗಾಯಿತು, ವೇಗದ ಚಿಹ್ನೆಯೂ ಮಗುಚಿತು. ಹೆಡರ್ ಅಂದ್ರೆ ಆ ಪಲ್ಸ್‌ನ ಹಣೆಬರಹ ಕಣ್ರೀ, ಅದನ್ನೇ ನಾನು ಅಳಿಸಿದ್ದೆ. ಮೂರು ತಿಂಗಳ ಡೇಟಾದಲ್ಲಿ ಇನ್ನೆಲ್ಲಿ ಪಲ್ಸ್ ಬಿಟ್ಟಿದೆಯೋ, ಕೇಳೋಕೆ ಯಾರೂ ಇರಲಿಲ್ಲ.

ಅದಕ್ಕೇ ನಿಮ್ಮ ‘ಯಾವ ಫಾರ್ಮ್ಯಾಟ್’ ಪ್ರಶ್ನೆಯೇ ನನಗೆ ಅಷ್ಟು ಮುಖ್ಯ ಅನಿಸಲ್ಲ. ರಿಸೀವರ್ ಕೊಟ್ಟ ಫೈಲ್ ಹಾಗೇ ಇಡಿ. ಎಚ್‌ಡಿಎಫ್5 (ದೊಡ್ಡ ಡೇಟಾ ಇಡುವ ಒಂದು ಫೈಲ್ ಫಾರ್ಮ್ಯಾಟ್) ಬೇಕಾದರೆ ಪಕ್ಕದಲ್ಲಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಜಾಗದ ಲೆಕ್ಕ ನೋಡಿ: 1000 ಗೇಟ್ (ದೂರದ ಒಂದೊಂದು ತುಂಡು), ಗೇಟಿಗೆ 4 ಬೈಟ್, ಸೆಕೆಂಡಿಗೆ 800 ಪಲ್ಸ್ ಅಂದ್ರೆ ಗಂಟೆಗೆ ಸುಮಾರು 11.5 ಜಿಬಿ. ಇದರಲ್ಲಿ ಹೆಡರ್ ಪಾಲು ತೀರಾ ಕಡಿಮೆ, ಅಲ್ವಾ? ಜಿಪ್ ಮಾಡಿದರೂ ಜಾಸ್ತಿ ಇಳಿಯಲ್ಲ, ಮಳೆ ಇಲ್ಲದ ಗೇಟ್‌ಗಳಲ್ಲಿ ಇರೋದು ಬರೀ ನಾಯ್ಸ್. ಜಾಗ ಉಳಿಸಲೇಬೇಕಾದರೆ ಮಳೆಯಿಲ್ಲದ ದಿನದ ಫೈಲ್‌ಗಳನ್ನು ಪೂರ್ತಿ ಅಳಿಸಿ, ಉಳಿದವನ್ನು ಮುಟ್ಟಬೇಡಿ.

ಹಾಂ, ಐ, ಕ್ಯೂ ತಲಾ 16 ಬಿಟ್ ಇದೆ ಅಂತ ನೇರ ಪೂರ್ಣಾಂಕವಾಗಿ ಓದಬೇಡಿ. ಕೆಲವು ರಿಸೀವರ್‌ಗಳು ಆ 16 ಬಿಟ್‌ನಲ್ಲೇ ಘಾತವನ್ನೂ ತುರುಕಿರುತ್ತವೆ. ಮೊದಲು ಮ್ಯಾನುಯಲ್ ತೆರೆಯಿರಿ.