ಅಕ್ಕ ಡ್ರಗ್ಸ್ ತಗೋತಾರೆ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ನಾನೇನು ಮಾಡಲಿ?

ಅಕ್ಕ ಹೆರಾಯಿನ್ ತಗೋತಾರೆ, ಬೈದರೆ ಫೋನೇ ಎತ್ತುವುದಿಲ್ಲ, ಸುಮ್ಮನಿದ್ದರೆ ಏಳು ವರ್ಷದ ಮಗಳು ಮತ್ತು ಎರಡು ವರ್ಷದ ಮಗನ ಗತಿ ಏನು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನನ್ನ ತಮ್ಮನ ಮನೆಯಲ್ಲೂ ಹೀಗೇ ಆಗಿತ್ತು, ಅದರಿಂದ ಕಲಿತದ್ದನ್ನು ಹೇಳುತ್ತೇನೆ.

ಮೊದಲ ಒಂದು ವರ್ಷ ಅವನನ್ನು ಕೇಳಿದ್ದು ಒಂದೇ ಮಾತು: "ಯಾವಾಗ ಬಿಡ್ತೀಯ?" ಪ್ರತಿ ಸಲವೂ "ಬಿಟ್ಟಾಯ್ತು ಅಕ್ಕ" ಅನ್ನುತ್ತಿದ್ದ. ನಂಬಿದ ಹಾಗೆ ನಾನೂ ನಟಿಸುತ್ತಿದ್ದೆ. ಒಂದು ರಾತ್ರಿ ಅವರ ಮನೆಯಲ್ಲೇ ಉಳಿದಿದ್ದೆ. ಆರು ವರ್ಷದ ಮಗಳು ನಿದ್ದೆಗಣ್ಣಲ್ಲಿ ಎದ್ದು ಬಂದಳು. ಮಲಗಿದ್ದ ಅಪ್ಪನ ಮೂಗಿನ ಹತ್ತಿರ ಅಂಗೈ ಹಿಡಿದು ಸ್ವಲ್ಪ ಹೊತ್ತು ನಿಂತಳು. ಉಸಿರು ತಾಗಿದ ಮೇಲೆ ಹೋಗಿ ಮಲಗಿಕೊಂಡಳು. ದಿನಾ ಹಾಗೆ ಮಾಡುತ್ತಿದ್ದಳಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಬೇರೆ ಪ್ರಶ್ನೆ ಕೇಳಿದೆ. "ನೀನು ತಗೊಂಡಾಗ ಮಕ್ಕಳ ಹತ್ರ ಯಾರಿರ್ತಾರೆ? ಅದನ್ನ ಎಲ್ಲಿ ಇಡ್ತೀಯ?" ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಜ ಹೇಳಿದ: ಬಾಗಿಲ ಹಿಂದೆ ನೇತುಹಾಕಿದ ಪ್ಯಾಂಟಿನ ಜೇಬಿನಲ್ಲಿ. ಚಿಕ್ಕವನ ಕೈಗೆ ಎಟುಕುವ ಎತ್ತರ! ಅವತ್ತೇ ಬೀಗ ಹಾಕುವ ಡಬ್ಬಿ ತಂದೆವು. ಡಬ್ಬಿ ಬೀರುವಿನ ಮೇಲೆ, ಕೀಲಿ ಅವನ ಕೊರಳಲ್ಲಿ. ಸೂಜಿಗಳಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬ. ಚಟ ಬಿಟ್ಟಿರಲಿಲ್ಲ, ನಿಜ. ಆದರೆ ಮುಚ್ಚಿಡುವುದು ನಿಂತಿತು. ಮಕ್ಕಳಿಗೆ ಜಾಸ್ತಿ ಅಪಾಯ ಇದ್ದದ್ದು ಆ ಮುಚ್ಚಿಡುವುದರಲ್ಲೇ.

"ಇವತ್ತೇ ಬಿಟ್ಟುಬಿಡು" ಅಂತ ಮಾತ್ರ ಹಟ ಹಿಡಿಯಬೇಡಿ. ಕೆಲವು ದಿನ ಬಿಟ್ಟರೆ ದೇಹಕ್ಕೆ ಮೊದಲಿನ ತಡೆಯುವ ಶಕ್ತಿ ಇರುವುದಿಲ್ಲ. ಆಮೇಲೆ ಹಳೆ ಲೆಕ್ಕದಲ್ಲೇ ತಗೊಂಡರೆ ಪ್ರಾಣ ಹೋಗಬಹುದು. ಗರ್ಭಿಣಿಯಾಗಿದ್ದರಂತೂ ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು. ಹೆರಾಯಿನ್ ಚಟಕ್ಕೆ ಅದರ ಬದಲು ಡಾಕ್ಟರ್ ಕೊಡುವ ಮೆಥಡೋನ್, ಬುಪ್ರೆನಾರ್ಫಿನ್ ಅನ್ನುವ ಔಷಧಿಗಳಿವೆ. "ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸ್ತಾರೆ" ಅಂತ ನಾನೂ ಹಂಗಿಸಿದ್ದೆ. ತಪ್ಪು ನನ್ನದೇ. ಆ ಔಷಧಿ ಶುರುವಾದ ಮೇಲೆ ಅವನು ಬೆಳಿಗ್ಗೆ ಎದ್ದು ಮಗಳಿಗೆ ಜಡೆ ಹಾಕುತ್ತಿದ್ದ, ಸೊಟ್ಟಪಟ್ಟ ಜಡೆ. ಆದರೆ ಮೆಥಡೋನ್ ಒಂದು ಗುಟುಕು ಹೋದರೂ ಮಗುವಿನ ಜೀವಕ್ಕೆ ಕುತ್ತು, ಅದೂ ಬೀಗದ ಡಬ್ಬಿಯಲ್ಲೇ ಇರಲಿ. ನಲೋಕ್ಸೋನ್ ಸಿಗುವ ಕಡೆ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಿ. ಹೆರಾಯಿನ್ ಜಾಸ್ತಿಯಾಗಿ ಉಸಿರು ನಿಲ್ಲುವ ಹಾಗಾದಾಗ ಅದು ಉಳಿಸುತ್ತದೆ. ಅದರ ಪ್ರಭಾವ ಬೇಗ ಇಳಿಯುತ್ತದೆ, ಹಾಗಾಗಿ ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು.

ಕೈಗೆ ದುಡ್ಡು ಕೊಡಬೇಡಿ. ಶಾಲೆಯ ಫೀಸು ನೀವೇ ಕಟ್ಟಿ. "ಏನಾದ್ರೂ ಬೇಕಿದ್ರೆ ಹೇಳು" ಅಂದರೆ ಯಾರೂ ಹೇಳುವುದಿಲ್ಲ, ಅಲ್ವಾ? "ಬುಧವಾರ ಸಂಜೆ ಮಕ್ಕಳನ್ನ ನಾನು ಕರ್ಕೊಂಡು ಹೋಗ್ತೀನಿ" ಅನ್ನಿ. ಹೇಳಿದ ಮೇಲೆ ಬುಧವಾರ ತಪ್ಪಿಸಬೇಡಿ.

ದೊಡ್ಡವಳ ಜೊತೆ ಒಬ್ಬಳೇ ಇದ್ದಾಗ ಮಾತಾಡಿ. ಅಮ್ಮನಿಗೆ ಹುಷಾರಿಲ್ಲ, ಅದು ನಿನ್ನಿಂದ ಆಗಿದ್ದಲ್ಲ, ಅಮ್ಮನನ್ನು ಕಾಯೋದು ನಿನ್ನ ಕೆಲಸವೂ ಅಲ್ಲ ಅಂತ ಹೇಳಿ. ನಿಮ್ಮ ನಂಬರ್ ಬಾಯಿಪಾಠ ಮಾಡಿಸಿ.

ಒಂದು ಗೆರೆ ಇರಲಿ. ದೊಡ್ಡವರಿಲ್ಲದೆ ಮಕ್ಕಳನ್ನಷ್ಟೇ ಬಿಟ್ಟುಹೋಗುವುದು, ಅಮಲಿನಲ್ಲಿ ಗಾಡಿ ಓಡಿಸುವುದು, ಮನೆಯಲ್ಲಿ ಹೊಡೆತ ಬಡಿತ: ಇವು ಕಂಡರೆ ಗುಟ್ಟು ಕಾಯಬೇಡಿ. ಮಕ್ಕಳನ್ನು ಕರೆದುಕೊಂಡು ಬನ್ನಿ, ಅಕ್ಕ ಕಳಿಸದಿದ್ದರೆ ಮಕ್ಕಳ ರಕ್ಷಣೆಯವರಿಗೆ ತಿಳಿಸಿ. ಹೀಗೆ ಮಾಡುತ್ತೀನಿ ಅಂತ ಅಕ್ಕನಿಗೆ ಈಗಲೇ ಹೇಳಿಡಿ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ನನ್ನ ತಮ್ಮ ಆಮೇಲೆ ಎರಡು ಸಲ ಮತ್ತೆ ಶುರು ಮಾಡಿದ. ಎರಡು ಸಲವೂ ಮೊದಲು ಫೋನ್ ಮಾಡಿದ್ದು ನನಗೆ. "ಅಕ್ಕ, ಇವತ್ತು ರಾತ್ರಿ ಮಕ್ಕಳನ್ನ ಕರ್ಕೊಂಡು ಹೋಗ್ತೀಯಾ?" ಯಾಕೆ ಅಂತ ಕೇಳದೆ ಹೊರಟೆ.